ಹೊಲಿಯುವಾಗ ಉಡುವ ಬಟ್ಟೆ, ಉದುರುವ ಎಳೆ

ಮೇ ಕೊನೆಯ ವಾರದಿಂದ ಜೂನ್ ಮುಗಿಯುವವರೆಗೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಎಲ್ಲೇ ಹೋದರೂ ಟೈಲರ್ ಅಂಗಡಿಗಳಲ್ಲಿ ಶಾಲೆಯ ಸಮವಸ್ತ್ರದ ರಾಶಿ. ಹೊಲಿದು, ಇಸ್ತ್ರಿ ಹಾಕಿ, ಮಡಚಿಟ್ಟ ಕಡುನೀಲಿ ಚಡ್ಡಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸೊಂಟಪಟ್ಟಿಯ ಕೆಳಗೊಂದು, ಜೇಬಿನ ಬಾಯಲ್ಲೊಂದು ಬಿಳಿ ಎಳೆ ಅಂಟಿಕೊಂಡಿರುತ್ತದೆ. ಆ ಚಡ್ಡಿಗೆ ಬಿಳಿ ದಾರ ಬಳಸಿಯೇ ಇಲ್ಲ. ಅದು ಬಂದದ್ದು ಹೊಲಿದವರ ಮೈಮೇಲಿಂದ. ಬೆಳಿಗ್ಗೆ ಬಿಳಿ ಅಂಗಿ ಕತ್ತರಿಸುವಾಗ ಮಡಿಲಿಗೆ ಬಿದ್ದ ಎಳೆ ಮಧ್ಯಾಹ್ನ ಚಡ್ಡಿಗೆ ಹತ್ತಿತು, ಅಷ್ಟೇ.

ಕತ್ತರಿ ಯಾವುದು, ಸೂಜಿ ಎಷ್ಟನೇ ನಂಬರಿನದು ಎಂದು ನಾವೆಲ್ಲ ವಿಚಾರಿಸುತ್ತೇವೆ. ಮಿಷನ್ ಮುಂದೆ ಕೂರುವಾಗ ಮೈಮೇಲೆ ಏನಿರಬೇಕು ಎಂದು ಕೇಳುವವರು ಕಡಿಮೆ. ಆದರೆ ಹೊಲಿಯುವ ಬಟ್ಟೆ ದಿನವಿಡೀ ಉರುಳಾಡುವುದು ನಮ್ಮ ಮಡಿಲಲ್ಲೇ. ಉಟ್ಟ ಬಟ್ಟೆಯನ್ನೂ ಸಲಕರಣೆಗಳ ಲೆಕ್ಕಕ್ಕೇ ಸೇರಿಸಬೇಕು.

ಮೊದಲು ಬಟ್ಟೆಯ ಜಾತಿ. ಹತ್ತಾರು ಸಲ ಒಗೆದ, ನುಣುಪಾದ ಹತ್ತಿಯ ಪಾಪ್ಲಿನ್ ಅಥವಾ ಕ್ಯಾಂಬ್ರಿಕ್ಕಿಗಿಂತ ಒಳ್ಳೆಯದು ಇಲ್ಲ. ಒಗೆತದಲ್ಲಿ ಅದರ ಸಡಿಲ ನಾರೆಲ್ಲ ಹೋಗಿರುತ್ತದೆ, ಹಾಗಾಗಿ ಅದು ತಾನೂ ಉದುರಿಸುವುದಿಲ್ಲ, ಬಿದ್ದ ಎಳೆಯನ್ನೂ ಹಿಡಿದುಕೊಳ್ಳುವುದಿಲ್ಲ. ಎದ್ದು ನಿಂತು ಒಮ್ಮೆ ಕೊಡವಿದರೆ ಎಲ್ಲ ಕೆಳಗೆ. ಉಣ್ಣೆಯ ಸ್ವೆಟರು, ಟರ್ಕಿ ಟವೆಲ್ಲಿನಂಥ ಜುಂಗಿನ ಬಟ್ಟೆ, ಹೊಸ ಕೈಮಗ್ಗದ ಒರಟು ಬಟ್ಟೆ ಇವು ಎಳೆಗಳನ್ನು ಹಿಡಿದಿಟ್ಟುಕೊಂಡು ಮುಂದಿನ ಬಟ್ಟೆಗೆ ದಾಟಿಸುತ್ತವೆ. ಜಾರ್ಜೆಟ್, ನೈಲಾನ್ ಸೀರೆ ಉಟ್ಟರೆ ಮಡಿಲಲ್ಲಿಟ್ಟ ಕೆಲಸ ನಿಲ್ಲುವುದಿಲ್ಲ, ನೆಲಕ್ಕೆ ಜಾರುತ್ತಲೇ ಇರುತ್ತದೆ.

ಊರಿನ ಹವೆಯೂ ಇಲ್ಲಿ ಕೈಯಾಡಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಿರಸಿ ಕಡೆ ಗಾಳಿ ಒಣಗಿ ಚಳಿ ಬಿದ್ದಾಗ ಪಾಲಿಯೆಸ್ಟರ್ ಬಟ್ಟೆಯಲ್ಲಿ ಉಜ್ಜಾಟದಿಂದ ಸ್ಥಾಯೀ ವಿದ್ಯುತ್ತು ಹುಟ್ಟಿ, ಎಳೆಗಳು ತಾವೇ ಹಾರಿ ಬಂದು ಅಂಟುತ್ತವೆ. ಕೊಡವಿದರೂ ಬೀಳುವುದಿಲ್ಲ. ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ಮೇಲಿಂದ ಕೆಳಕ್ಕೆ ಸವರಿದರೆ ಬಿಟ್ಟುಬಿಡುತ್ತವೆ. ಕಾರವಾರದ ಕರಾವಳಿಯಲ್ಲಿ ಗಾಳಿಯಲ್ಲಿ ಸದಾ ತೇವ ಇರುವುದರಿಂದ ಈ ತೊಂದರೆ ಕಡಿಮೆ. ಅಲ್ಲಿಯ ತೊಂದರೆ ಬೆವರು. ಏಪ್ರಿಲ್, ಮೇ ಸೆಖೆಗೆ ತೊಡೆಯ ಮೇಲಿನ ಬಟ್ಟೆ ಒದ್ದೆಯಾಗುತ್ತದೆ, ಒದ್ದೆ ಬಟ್ಟೆಗೆ ಎಳೆ ಕಚ್ಚಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಬಣ್ಣ ಬಿಡುವುದು. ಹೊಸ ಕೆಂಪು, ಕಪ್ಪು ಹತ್ತಿಯ ನೈಟಿ ಹಾಕಿಕೊಂಡು ಬಿಳಿ ಲಂಗ ಹೊಲಿದರೆ ಬೆವರಿಗೆ ಬಣ್ಣ ಬಿಟ್ಟು ಲಂಗ ಕೆಡುತ್ತದೆ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ನಿಮ್ಮ ಬಟ್ಟೆಯ ಅಂಚಿಗೆ ಹತ್ತು ಸಲ ಉಜ್ಜಿ ನೋಡಿ. ಚೂರಿಗೆ ಬಣ್ಣ ಹತ್ತಿದರೆ ಆ ಬಟ್ಟೆಯಲ್ಲಿ ಹೊಲಿಯಲು ಕೂರಬೇಡಿ.

ಬಣ್ಣ ತಿಳಿ ಬೂದು, ತಿಳಿ ಕಂದು ಇಂಥದ್ದಿರಲಿ, ಹೂವಿನ ಚಿತ್ತಾರ ಬೇಡ. ಚಿತ್ತಾರದ ಮೇಲೆ ಬಿದ್ದ ಗುಂಡುಪಿನ್ನು ಕಣ್ಣಿಗೆ ಕಾಣುವುದಿಲ್ಲ.

ತೋಳು ಮೊಣಕೈ ಮೇಲಿರಬೇಕು, ಇಲ್ಲವೇ ಮಣಿಕಟ್ಟಿಗೆ ಬಿಗಿಯಾಗಿ ಕೂತಿರಬೇಕು. ಮನೆಯಲ್ಲಿ ಹೊಲಿಯುವ ಹೆಂಗಸರು ಹೆಚ್ಚಾಗಿ ನೈಟಿಯಲ್ಲೇ ಇರುತ್ತಾರೆ. ಹತ್ತಿಯದು, ಸಡಿಲ, ಸೆಖೆಗೆ ಹಿತ. ಆದರೆ ಅದರ ಅಗಲ ತೋಳು ಮಿಷನ್ನಿನ ಹಾಸಿನ ಮೇಲೆ ಗುಡಿಸುತ್ತ ಹೋಗುತ್ತದೆ, ಪಿನ್ನು, ಗುರುತು ಹಾಕುವ ಚಾಕ್‌ಪೀಸು, ಕೆಳದಾರ ಸುತ್ತಿದ ಬಾಬಿನ್ನು ಎಲ್ಲ ಎಳೆದು ಬೀಳಿಸುತ್ತದೆ. ತೋಳಿನ ತುದಿಗೆ ಕಾಲಿಂಚಿನ ಇಲಾಸ್ಟಿಕ್ ಹಾಕಿಕೊಂಡರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ನೈಟಿಯ ಕೆಳಗಿನ ಘೇರು ಇನ್ನೊಂದು ಅಪಾಯ. ಕಾಲಿನ ಮಿಷನ್ನಿನಲ್ಲಿ ದೊಡ್ಡ ಚಕ್ರ ಬಲಗಡೆ ಇರುತ್ತದೆ. ಘೇರು ಅದಕ್ಕೂ ಬೆಲ್ಟಿಗೂ ನಡುವೆ ಸಿಕ್ಕಿತೆಂದರೆ ಎಣ್ಣೆ ಮಸಿ ಮೆತ್ತಿಕೊಂಡು ಹರಿಯುತ್ತದೆ. ಕೂತ ಮೇಲೆ ಘೇರನ್ನು ಎರಡೂ ಮೊಣಕಾಲ ನಡುವೆ ಒತ್ತಿಕೊಂಡು, ಬಲಗಡೆಯ ಅಂಚನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳಬೇಕು. ಚಕ್ರಕ್ಕೆ ತಗಡಿನ ಮರೆ ಇದ್ದರೆ ಅದನ್ನು ಬಿಚ್ಚಿಡಬೇಡಿ.

ಸೀರೆಯಾದರೆ ನೆರಿಗೆಯನ್ನು ಎಂದಿಗಿಂತ ಎರಡಿಂಚು ಮೇಲೆ ಸಿಕ್ಕಿಸಿ, ಕಾಲಂಚು ಪೆಡಲ್ಲಿಗೆ ತಾಗಬಾರದು. ಸೆರಗನ್ನು ಸಣ್ಣಗೆ ಮಡಿಕೆ ಮಾಡಿ ಭುಜದ ಮೇಲೆ ಪಿನ್ನು ಹಾಕಿ, ಬಲಗಡೆಯಿಂದ ಮುಂದಕ್ಕೆ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುವುದು. ಚೂಡಿದಾರದ ವೇಲನ್ನು ತೆಗೆದಿಟ್ಟೇ ಕೂರಬೇಕು. ಕುತ್ತಿಗೆಗೆ ಹಾಕಿಕೊಂಡ ಅಳತೆ ಟೇಪಿಗೂ ಇದೇ ಮಾತು. ಅಳತೆ ತೆಗೆಯುವಾಗ ಕುತ್ತಿಗೆಯಲ್ಲಿರಲಿ, ಮಿಷನ್ ಓಡುವಾಗ ಗೋಡೆಯ ಮೊಳೆಯಲ್ಲಿರಲಿ. ಮೋಟಾರು ಜೋಡಿಸಿದ ಮನೆಯ ಮಿಷನ್ ನಿಮಿಷಕ್ಕೆ ಸಾವಿರದ ಆಸುಪಾಸು ಹೊಲಿಗೆ ಹಾಕುತ್ತದೆ, ಗಾರ್ಮೆಂಟಿನ ಪವರ್ ಮಿಷನ್ 4,000, 5,000 ದಾಟುತ್ತದೆ. ಆ ವೇಗದಲ್ಲಿ ಜೋತುಬಿದ್ದ ಯಾವುದನ್ನೂ ಕೈ ತಡೆಯಲಾರದು. ಬಿಚ್ಚುಗೂದಲನ್ನು ಹಿಂದಕ್ಕೆ ಕಟ್ಟಬೇಕು. ಬಗ್ಗಿ ಸೂಜಿ ಪೋಣಿಸುವಾಗ ಮುಂಗೂದಲು ದಾರ ಎತ್ತುವ ಲಿವರಿನ ಹತ್ತಿರಕ್ಕೇ ಬರುತ್ತದೆ. ಉದ್ದ ಕರಿಮಣಿ ಸರವನ್ನು ರವಿಕೆಯೊಳಗೆ ಸೇರಿಸಿಕೊಳ್ಳಬೇಕು. ಹರಳಿನ ಉಂಗುರ ರೇಷ್ಮೆಯ ಎಳೆ ಕೀಳುತ್ತದೆ, ಅದನ್ನು ತೆಗೆದಿಡುವುದು ಒಳ್ಳೆಯದು. ಗಾಜಿನ ಬಳೆ ತೆಗೆಯಲಾಗದಿದ್ದರೆ ಮೇಲೆ ಸರಿಸಿ, ಹಳೆಯ ಕಾಲುಚೀಲದ ಮೇಲ್ಭಾಗವನ್ನು ಕತ್ತರಿಸಿ ಅದರ ಮೇಲೆ ಏರಿಸಿಕೊಂಡರೆ ಬಳೆ ಅಲುಗುವುದಿಲ್ಲ, ದಾರವೂ ಸಿಕ್ಕುವುದಿಲ್ಲ.

ಅಡಿಕೆ ಸೀಮೆಯ ಮಾತೊಂದು ಇದೆ. ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿದ ಕೈಯೇ ಹಗಲು ರೇಷ್ಮೆ ರವಿಕೆ ಹೊಲಿಯುತ್ತದೆ. ಬೆರಳ ತುದಿ ಒರಟಾಗಿ, ಉಗುರಿನ ಅಂಚು ಸಿಪ್ಪೆಯೆದ್ದಿರುತ್ತದೆ. ರೇಷ್ಮೆಯ ಮೇಲೆ ಬೆರಳು ಎಳೆದರೆ ಪರಪರ ಸದ್ದು ಬರುತ್ತದೆ, ಒಂದೊಂದು ಸದ್ದಿಗೂ ಒಂದು ಎಳೆ ಎದ್ದಿರುತ್ತದೆ. ಒಂದು ಚಮಚ ಸಕ್ಕರೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಎರಡು ನಿಮಿಷ ಬೆರಳಿಗೆ ತಿಕ್ಕಿ, ಸೋಪಿನಿಂದ ಚೆನ್ನಾಗಿ ತೊಳೆದು ಒರೆಸಿಕೊಂಡರೆ ಕೈ ನುಣುಪಾಗುತ್ತದೆ. ಎಣ್ಣೆ ಜಿಡ್ಡು ಪೂರ್ತಿ ಹೋಗಿರಬೇಕು, ರೇಷ್ಮೆಗೆ ಬಿದ್ದ ಎಣ್ಣೆಯ ಗುರುತು ಸುಲಭಕ್ಕೆ ಬಿಡುವುದಿಲ್ಲ. ಉಗುರಿನ ಅಂಚಿಗೆ ಅರ ತಿಕ್ಕಿಕೊಳ್ಳಿ. ಎಳೆ ಎದ್ದೇಬಿಟ್ಟಿದ್ದರೆ ಕತ್ತರಿಸಬೇಡಿ, ಅಲ್ಲಿಂದಲೇ ತೂತು ಶುರುವಾಗುತ್ತದೆ. ಸಣ್ಣ ಸೂಜಿಯನ್ನು ಕೆಳಗಿನಿಂದ ತೂರಿಸಿ ಆ ಎಳೆಯನ್ನು ಬಟ್ಟೆಯ ಹಿಂಬದಿಗೆ ಎಳೆದುಕೊಂಡು, ಹಾಸು ಹೊಕ್ಕಿನ, ಅಂದರೆ ಉದ್ದ ಅಡ್ಡ ಎಳೆಗಳ, ದಿಕ್ಕಿಗೆ ಬಟ್ಟೆಯನ್ನು ಮೆಲ್ಲಗೆ ಎರಡು ಸಲ ಎಳೆದರೆ ಅದು ತನ್ನ ಜಾಗಕ್ಕೆ ಕೂರುತ್ತದೆ.

ಕಾಲಿನ ಮಾತಿಗೆ ಬಂದರೆ, ಪೆಡಲ್ ಮಿಷನ್ನಿಗೆ ಬರಿಗಾಲು ಎಂಬುದು ಹಳೆಯ ರೂಢಿ, ತುಳಿತದ ಹದ ಅಂಗಾಲಿಗೆ ತಿಳಿಯುತ್ತದೆ. ಆದರೆ ಪಿನ್ನು ಬೀಳುವುದೂ ಅದೇ ನೆಲಕ್ಕೆ. ತೆಳು ರಬ್ಬರ್ ಚಪ್ಪಲಿ ಸಾಕು. ಕರೆಂಟಿನ ಮೋಟಾರು ಇದ್ದು, ಮಳೆಗಾಲದಲ್ಲಿ ಸಿಮೆಂಟು ನೆಲ ಬೆವರುತ್ತಿದ್ದರೆ ಬರಿಗಾಲು ಬೇಡವೇ ಬೇಡ. ಕಾಲು ಒರೆಸಿ, ರಬ್ಬರ್ ಚಪ್ಪಲಿ ಹಾಕಿ, ಮೋಟಾರು ಓಡಿಸುವ ಕಾಲ್ಗುಂಡಿಯ ಕೆಳಗೆ ಒಣ ಹಲಗೆ ಇಟ್ಟುಕೊಳ್ಳಿ. ವಯರು ಸವೆದಿದ್ದರೆ ಅಂದು ಮೋಟಾರಿಗೆ ರಜೆ.

ಸೂಜಿಯನ್ನು ರವಿಕೆಗೋ ಸೆರಗಿಗೋ ಅಂಗಿಯ ಕಾಲರಿಗೋ ಚುಚ್ಚಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಮರೆತ ಸೂಜಿ ಒಗೆಯುವ ಕಲ್ಲಿನ ಮೇಲೆ ಯಾರದೋ ಅಂಗೈಗೆ ಹೊಕ್ಕುತ್ತದೆ, ಇಲ್ಲವೇ ಎತ್ತಿಕೊಂಡ ಮಗುವಿನ ಕೆನ್ನೆಗೆ. ಪಿನ್ನನ್ನು ಬಾಯಲ್ಲಿ ಕಚ್ಚಿಕೊಳ್ಳುವುದೂ ಹೀಗೆಯೇ, ಒಂದು ಕೆಮ್ಮು ಬಂದರೆ ಗಂಟಲಿಗೆ. ಎಡಗೈ ಮಣಿಕಟ್ಟಿಗೆ ಇಲಾಸ್ಟಿಕ್ಕಿನಲ್ಲಿ ಪಿನ್ನುದಿಂಬು ಕಟ್ಟಿಕೊಳ್ಳಿ, ಒಳಗೆ ಗಟ್ಟಿ ರಟ್ಟಿನ ತುಂಡು ಇಟ್ಟು ಹೊಲಿದರೆ ಪಿನ್ನು ಕೈಗೆ ಚುಚ್ಚುವುದಿಲ್ಲ. ಬೆಳಿಗ್ಗೆ ಕೈಸೂಜಿ ನಾಲ್ಕಿದ್ದರೆ ಸಂಜೆಯೂ ನಾಲ್ಕಿರಬೇಕು. ಎಣಿಸದೆ ಏಳಬಾರದು.

ದಾರವನ್ನು ಹಲ್ಲಿನಿಂದ ಕಡಿಯುವುದನ್ನೂ ಇಲ್ಲೇ ಹೇಳಿಬಿಡಬೇಕು. ವರ್ಷಗಟ್ಟಲೆ ಕಡಿದರೆ ಮುಂದಿನ ಹಲ್ಲಿನ ಅಂಚಿನಲ್ಲಿ ಕಚ್ಚು ಬೀಳುತ್ತದೆ. ದಾರದ ತುದಿ ಒದ್ದೆಯಾಗಿ, ಎಂಜಲು ತಾಗಿದ ಜಾಗದಲ್ಲಿ ರೇಷ್ಮೆಗೆ ಗುರುತು ಉಳಿಯುತ್ತದೆ. ಸಣ್ಣ ದಾರಕತ್ತರಿಯನ್ನು ಒಂದು ಮೊಳ ಲಾಡಿಗೆ ಕಟ್ಟಿ ಮಿಷನ್ನಿನ ಮೇಜಿನ ಬಲಗಡೆ ಇಳಿಬಿಟ್ಟರೆ ಹುಡುಕುವ ಕೆಲಸವೂ ಇಲ್ಲ.

ಇನ್ನು ಮಡಿಲು. ಜೇಬಿರುವ ಏಪ್ರನ್ನಿಗಿಂತ ಹಳೆಯ ಪಂಚೆಯ ತುಂಡು ಮೇಲು. ಜೇಬಿನ ಮೂಲೆಯಲ್ಲಿ ಎಳೆ, ಪಿನ್ನು ಸೇರಿಕೊಂಡು ಕೂರುತ್ತವೆ. ಒಂದೂವರೆ ಮೀಟರ್ ತುಂಡನ್ನು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲು ದಾಟುವಂತೆ ಹರಡಿ. ಬಿಳಿಯದು ಒಂದು, ಗಾಢ ಬಣ್ಣದ್ದು ಒಂದು, ಎರಡಿರಲಿ. ಬಿಳಿ ಕೆಲಸ ನಡೆದ ಮಡಿಲುಬಟ್ಟೆಯ ಮೇಲೆಯೇ ಕಪ್ಪು ಬಟ್ಟೆ ಹೊಲಿಯಬಾರದು. ಬಣ್ಣ ಬದಲಾದಾಗಲೆಲ್ಲ ನಾಲ್ಕೂ ಮೂಲೆ ಒಟ್ಟು ಹಿಡಿದು ಎತ್ತಿ, ಒಳಗಿನ ಎಳೆಯೆಲ್ಲ ಡಬ್ಬಿಗೆ ಸುರಿದು, ಆಮೇಲೆ ಮುಂದಿನ ಬಟ್ಟೆ ಕೈಗೆತ್ತಿಕೊಳ್ಳುವುದು. ಸಮವಸ್ತ್ರದ ದಿನಗಳಲ್ಲಿ ಬಿಳಿ ಅಂಗಿಗಳನ್ನೆಲ್ಲ ಒಂದೇ ಹೊತ್ತಿಗೆ, ಕಡುಬಣ್ಣದ್ದನ್ನೆಲ್ಲ ಇನ್ನೊಂದು ಹೊತ್ತಿಗೆ ಮಾಡಿದರೆ ಅರ್ಧ ರಗಳೆ ಅಲ್ಲಿಗೇ ಮುಗಿಯಿತು. ಎಳೆ ಹಾಕಲು ಮಿಷನ್ನಿನ ಬಲಗೈ ಬದಿಗೆ ಒಂದು ತೆಂಗಿನ ಗರಟೆ ಇಡಿ. ತೂಕ ಇದೆ, ಫ್ಯಾನಿನ ಗಾಳಿಗೆ ಹಾರುವುದಿಲ್ಲ, ಕೈ ನೋಡದೆಯೇ ಅದನ್ನು ಮುಟ್ಟುತ್ತದೆ. ಫ್ಯಾನು ಬೇಕೇ ಬೇಕಾದ ಊರು ನಮ್ಮದು. ಟೇಬಲ್ ಫ್ಯಾನನ್ನು ಬೆನ್ನ ಹಿಂದೆ ತಗ್ಗಿನಲ್ಲಿಟ್ಟರೆ ಎಳೆಗಳು ಮೇಜಿನ ಮೇಲೆ ಕುಣಿಯುವುದಿಲ್ಲ.

ಎಳೆ ಹುಟ್ಟುವುದೇ ಯಾಕೆ ಎಂದು ತಿಳಿದರೆ ಅರ್ಧ ಎಳೆ ಹುಟ್ಟದಂತೆಯೇ ಮಾಡಬಹುದು. ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕು. ನೇರಕ್ಕೆ ಕತ್ತರಿಸಿದ ಅಂಚಿನಲ್ಲಿ ಕಡೆಯ ಎಳೆಗೆ ಹೊರಗಿನಿಂದ ಆಸರೆ ಇರುವುದಿಲ್ಲ, ಅದು ಉದ್ದಕ್ಕೂ ಕಳಚುತ್ತದೆ, ಅದರ ಹಿಂದೆ ಇನ್ನೊಂದು. ಕ್ರಾಸಾಗಿ ಕತ್ತರಿಸಿದರೆ ಹಾಸು ಹೊಕ್ಕು ಎರಡೂ ಓರೆಯಾಗಿ ತುಂಡಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕ್ರಾಸ್ ಪಟ್ಟಿಯ ಅಂಚು ಹೆಚ್ಚು ನೂಲು ಬಿಡದಿರುವುದು ಇದಕ್ಕೇ. ಮೊಂಡು ಕತ್ತರಿ ಅಂಚನ್ನು ಅಗಿದು ಬಿಡುತ್ತದೆ, ಅಗಿದ ಅಂಚು ಮುಟ್ಟಿದರೆ ಉದುರುತ್ತದೆ. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಬೇಡಿ ಎಂದು ಹಿರಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ. ಕತ್ತರಿಸಿದ ತುಂಡುಗಳನ್ನು ವಾರಗಟ್ಟಲೆ ಚೀಲದಲ್ಲಿ ತುರುಕಿಡುವುದೂ ತಪ್ಪು, ಎತ್ತಿ ಇಟ್ಟಷ್ಟೂ ಅಂಚು ಕಳಚುತ್ತದೆ. ಕತ್ತರಿಸಿದ ದಿನವೇ ಅಂಚು ಕಳಚದಂತೆ ಸುತ್ತಿ ಹೊಲಿಯುವ ಓವರ್‌ಲಾಕ್ ಮಾಡಿಸಿ. ಓವರ್‌ಲಾಕಿನ ಕೊನೆಯಲ್ಲಿ ಉಳಿಯುವ ಜಡೆಯಂಥ ಬಾಲವನ್ನು ಬುಡಕ್ಕೆ ಕತ್ತರಿಸಿದರೆ ಅದು ಬಿಚ್ಚುತ್ತದೆ. ಎರಡಿಂಚು ಬಿಟ್ಟು, ದೊಡ್ಡ ಕಣ್ಣಿನ ಮೊಂಡು ಸೂಜಿಗೆ ಪೋಣಿಸಿ, ಓವರ್‌ಲಾಕ್ ಹೊಲಿಗೆಯ ಒಳಗೇ ಒಂದಿಂಚು ಹಿಂದಕ್ಕೆ ತೂರಿಸಿ ಉಳಿದದ್ದನ್ನು ಕತ್ತರಿಸಬೇಕು.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಬಲು ಚಂದದ ಪಾಠವಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿ ಎಂಬ ಹೊದಿಕೆಯಲ್ಲಿ ಪ್ರತಿ ತುಂಡಿನ ಹಸಿ ಅಂಚನ್ನೂ ಬೆರಳಿನಿಂದಲೇ ಒಳಮಡಚಿ, ಅಂಚಿನಿಂದ ನಡುವಿನತ್ತ ಸಾಲುಸಾಲಾಗಿ ಕೈಹೊಲಿಗೆಯ ಟಾಕಾ ಹಾಕುತ್ತ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ’ ಕೂರಿಸುತ್ತಾರೆ. ಹಳೆಯ ಸೀರೆ, ಅಂಗಿ, ಲುಂಗಿ ಎಲ್ಲ ಕೂಡಿದ ಆ ಹೊದಿಕೆಯಲ್ಲಿ ಹೊರಗೆ ಇಣುಕುವ ಹಸಿ ಅಂಚು ಹುಡುಕಿದರೂ ಸಿಗದು.

ತೆಳು ಬಟ್ಟೆಗೆ, ಅಂದರೆ ವಾಯಿಲ್, ಶಿಫಾನಿನಂಥದ್ದಕ್ಕೆ, ಓವರ್‌ಲಾಕಿಗಿಂತ ಫ್ರೆಂಚ್ ಹೊಲಿಗೆ ಒಪ್ಪುತ್ತದೆ. ಅರ್ಧ ಇಂಚು ಮಾರ್ಜಿನ್ ಇಟ್ಟುಕೊಳ್ಳಿ. ಒಳಮೈ ಒಳಮೈ ಸೇರಿಸಿ, ಅಂಚಿನಿಂದ ಕಾಲಿಂಚು ಬಿಟ್ಟು ಮೊದಲ ಹೊಲಿಗೆ. ಆ ಮಾರ್ಜಿನ್ನನ್ನು ಅರೆಕಾಲು ಇಂಚಿಗೆ ಸವರಿ. ತಿರುವಿ, ಹೊಲಿಗೆ ಸರಿಯಾಗಿ ಮಡಿಕೆಯ ತುದಿಗೆ ಬರುವಂತೆ ಇಸ್ತ್ರಿ ಒತ್ತಿ, ಮಡಿಕೆಯಿಂದ ಕಾಲಿಂಚಿಗೆ ಎರಡನೇ ಹೊಲಿಗೆ. ಇಲ್ಲಿ ಕೆಡುವುದು ನಡುವಿನ ಹೆಜ್ಜೆಯಲ್ಲಿ. ಸವರುವುದನ್ನು ಬಿಟ್ಟರೆ, ಇಲ್ಲವೇ ಸವರಿದ ಮೇಲೆ ಉದ್ದುದ್ದ ನಿಂತ ಎಳೆಗಳನ್ನು ಕೀಳದಿದ್ದರೆ, ಎರಡನೇ ಹೊಲಿಗೆ ಅವುಗಳ ಮೇಲೆಯೇ ಹಾದು, ಹೊರಮೈಯಲ್ಲಿ ಮೀಸೆಯಂತೆ ಎಳೆ ಇಣುಕುತ್ತದೆ. ಹೊರಗಿನಿಂದ ಎಷ್ಟು ಕತ್ತರಿಸಿದರೂ ಕೂಳೆ ಉಳಿಯುತ್ತದೆ. ಹೊಲಿಗೆ ಬಿಚ್ಚಿ ಮತ್ತೆ ಮಾಡುವುದೊಂದೇ ದಾರಿ. ದಪ್ಪ ಟೆರಿಕಾಟಿಗೆ ಈ ಹೊಲಿಗೆ ಹಾಕಬೇಡಿ, ಹಗ್ಗದ ಹಾಗೆ ಉಬ್ಬುತ್ತದೆ.

ಮಿಷನ್ ಕೆಳಗೆ ದಾರ ಗೂಡು ಕಟ್ಟುವುದು ಎಲ್ಲರ ದೂರು. ಎಲ್ಲರೂ ಬಾಬಿನ್ ಕೇಸನ್ನು ಬೈಯುತ್ತಾರೆ, ತಪ್ಪಿರುವುದು ಹೆಚ್ಚಾಗಿ ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿಹಿಡಿಯುವ ಫುಟ್ ಇಳಿಸಿಕೊಂಡೇ ದಾರ ಪೋಣಿಸಿದರೆ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಮೇಲೇ ಕೂರುತ್ತದೆ. ಹಿಡಿತವಿಲ್ಲದ ದಾರ ಕೆಳಗೆ ಸುರುಳಿ ಸುರುಳಿಯಾಗಿ ಬೀಳುತ್ತದೆ. ಫುಟ್ ಎತ್ತಿ ಪೋಣಿಸಿ. ಮೇಲಿನದು, ಕೆಳಗಿನದು ಎರಡೂ ದಾರವನ್ನು ನಾಲ್ಕಿಂಚು ಬಿಟ್ಟು ಫುಟ್ಟಿನ ಕೆಳಗಿನಿಂದ ಹಿಂದಕ್ಕೆ ಹಾಸಿ, ಮೊದಲ ಮೂರು ನಾಲ್ಕು ಹೊಲಿಗೆ ಬೀಳುವ ತನಕ ಎಡಗೈ ಬೆರಳಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ. ಶುರು ಮಾಡುವಾಗಲೂ ನಿಲ್ಲಿಸುವಾಗಲೂ ದಾರ ಎತ್ತುವ ಲಿವರ್ ತುತ್ತತುದಿಯಲ್ಲಿರಬೇಕು, ಇಲ್ಲದಿದ್ದರೆ ಮೊದಲ ಹೊಲಿಗೆಗೇ ದಾರ ಸೂಜಿಯಿಂದ ಕಳಚುತ್ತದೆ. ಪೆಡಲ್ ಕಲಿಯುವವರು ಚಕ್ರವನ್ನು ಹಿಂದಕ್ಕೆ ತಿರುಗಿಸಿದರೂ ದಾರ ತುಂಡಾಗಿ ಸಿಕ್ಕಾಗುತ್ತದೆ. ಮೇಲಿನ ಚಕ್ರದ ನೆತ್ತಿ ಯಾವಾಗಲೂ ನಿಮ್ಮ ಕಡೆಗೇ ಬರಬೇಕು.

ರವಿಕೆಗೆ ಆಕಾರ ಕೊಡುವ ಮಡಿಕೆಹೊಲಿಗೆಯಾದ ಟಕ್ಸಿನ ತುದಿಯಲ್ಲಿ ರಿವರ್ಸ್ ಹೊಲಿಗೆ ಹಾಕುವವರಿದ್ದಾರೆ. ಅಲ್ಲಿ ಗಂಟು ಕಟ್ಟಿ ಎದೆಯ ಮೇಲೆ ಸಣ್ಣ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಕೊನೆಯ ಮೂರು ಹೊಲಿಗೆಯನ್ನು ಚಿಕ್ಕದು ಮಾಡಿ ಮಡಿಕೆಯ ಅಂಚಿನಲ್ಲೇ ಓಡಿಸಿ, ಮೂರಿಂಚು ದಾರ ಬಿಟ್ಟು ಕತ್ತರಿಸಿ, ಎರಡೂ ದಾರ ಸೇರಿಸಿ ಕೈಯಲ್ಲೇ ಎರಡು ಗಂಟು ಹಾಕಿ, ಅರ್ಧ ಇಂಚು ಉಳಿಸಿ. ಬುಡಕ್ಕೇ ಕತ್ತರಿಸಿದ್ದು ಒಂದೆರಡು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಪಾಲಿಯೆಸ್ಟರ್ ದಾರದ ತುದಿಗೆ ಊದುಬತ್ತಿಯ ಕೆಂಡ ತಾಗಿಸಿ ಮಣಿಯಾಗಿಸುವ ಉಪಾಯ ನಮ್ಮ ಟೈಲರುಗಳಿಗೆ ಗೊತ್ತಿರುವುದೇ. ಹತ್ತಿ ದಾರಕ್ಕೆ ಅದು ನಡೆಯದು, ಅದು ಕರಗುವುದಿಲ್ಲ, ಉರಿಯುತ್ತದೆ. ತುಂಡು ದಾರಕ್ಕೆ ಮೊದಲು ಕಿಡಿ ತಾಗಿಸಿ ನೋಡಿ, ಸುಟ್ಟ ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ, ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಎಳೆ ಮಿಷನ್ನಿನ ಹೊಟ್ಟೆಗೂ ಸೇರುತ್ತದೆ. ಸಮವಸ್ತ್ರದ ಕಾಲದಲ್ಲಿ ದಿನಾ ಸಂಜೆ ಸೂಜಿ ತೆಗೆದು, ಸೂಜಿಯ ಕೆಳಗಿನ ಹಾಸುತಗಡು ಬಿಚ್ಚಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ಸಾಲುಗಳ ನಡುವೆ ಒತ್ತಿ ಗಟ್ಟಿಯಾದ ಧೂಳನ್ನು ಬ್ರಷ್ಷಿನಿಂದ ಎಬ್ಬಿಸಿ ತೆಗೆಯಬೇಕು. ಅದು ತುಂಬಿದರೆ ಹಲ್ಲು ಬಟ್ಟೆಯನ್ನು ಸರಿಯಾಗಿ ಮೇಲೆತ್ತದೆ ಹೊಲಿಗೆ ಒಂದು ಉದ್ದ ಒಂದು ಗಿಡ್ಡ ಆಗುತ್ತದೆ. ಬಾಯಿಂದ ಊದಬೇಡಿ. ಉಸಿರಿನ ತೇವ, ಕಡಲಗಾಳಿಯ ಉಪ್ಪು ಸೇರಿ ಬಾಬಿನ್ ಕೇಸು ಕೂರುವ ಶಟಲಿಗೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಬಟ್ಟೆಯ ಮೇಲ್ಮೈಯಲ್ಲಿ ಕೆಳದಾರದ ಚುಕ್ಕೆ ಕಾಣತೊಡಗಿದರೆ ಕೇಸಿನ ಸ್ಕ್ರೂ ತಿರುಗಿಸುವ ಮೊದಲು, ಕೇಸಿನ ಸ್ಪ್ರಿಂಗ್ ಪಟ್ಟಿಯ ಕೆಳಗೆ ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿ ಎಳೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಅಲ್ಲಿ ಸಿಕ್ಕಿ ಹಿಡಿತ ಸಡಿಲಿಸಿರುತ್ತದೆ. ಎಣ್ಣೆ ಬಿಡುವುದು ಸ್ವಚ್ಛ ಮಾಡಿದ ಮೇಲೆಯೇ, ತೂತಿಗೊಂದು ಹನಿ. ಧೂಳಿನ ಮೇಲೆ ಬಿಟ್ಟ ಎಣ್ಣೆ ಅಂಟಾಗುತ್ತದೆ. ಪೆಡಲ್ ಭಾರವಾಗಿದೆ ಎನಿಸಿದರೆ ದೊಡ್ಡ ಚಕ್ರದ ಅಚ್ಚಿನ ಹತ್ತಿರ ಬಗ್ಗಿ ನೋಡಿ, ಕೂದಲು ಮತ್ತು ದಾರ ಉಂಗುರದ ಹಾಗೆ ಸುತ್ತಿಕೊಂಡಿರುತ್ತದೆ. ಬ್ಲೇಡಿನಿಂದ ಅಡ್ಡ ಸೀಳಿ ಚಿಮಟದಿಂದ ಎಳೆದರೆ ಒಂದೇ ಸಲ ಬರುತ್ತದೆ.

ನೆಲದ ಎಳೆ ಗುಡಿಸಲು ಹೋದರೆ ಕಡ್ಡಿ ಕಸಬರಿಗೆಗೆ ದಾರ ಸುತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ನೆಲದ ಮೇಲೆ ಎಳೆದರೆ ಎಲ್ಲ ಉಂಡೆಯಾಗಿ ಬರುತ್ತದೆ, ಅಡಿಕೆ ಹಾಳೆಯ ತುಂಡಿನಲ್ಲಿ ಎತ್ತಿ ಹಾಕಬಹುದು. ಹಿತ್ತಲಿಗೆ ಎಸೆಯಬೇಡಿ. ಕೋಳಿಯ ಕಾಲಿಗೆ, ಗುಬ್ಬಿಯ ಬೆರಳಿಗೆ ಪಾಲಿಯೆಸ್ಟರ್ ದಾರ ಸುತ್ತಿಕೊಂಡರೆ ಮಾಂಸಕ್ಕೆ ಇಳಿದು ಬೆರಳೇ ಉದುರುತ್ತದೆ. ಬೆಕ್ಕು ನುಂಗಿದ ದಾರ ಕರುಳನ್ನು ಕೊಯ್ಯುತ್ತದೆ. ಆ ದಾರ ಗೊಬ್ಬರದ ಗುಂಡಿಯಲ್ಲೂ ಕೊಳೆಯುವುದಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಸುಗೂಸಿನ ಬಟ್ಟೆಯಲ್ಲಿ. ಕುಂಚಿಗೆ, ಕೈಗವಸು, ಕಾಲುಚೀಲದ ಒಳಗೆ ಬಿಟ್ಟ ಒಂದೇ ಒಂದು ಉದ್ದ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡು, ಮಗು ಕಾಲಾಡಿಸಿದಷ್ಟೂ ಬಿಗಿಯಾಗಿ, ರಕ್ತ ಓಡಾಡುವುದನ್ನೇ ನಿಲ್ಲಿಸುತ್ತದೆ. ಬೆರಳು ಊದಿ ಕೆಂಪಾದ ಮೇಲೆ ಎಳೆ ಚರ್ಮದೊಳಗೆ ಹೂತು ಕಾಣುವುದೇ ಇಲ್ಲ. ಕೂಸು ಕಾರಣವಿಲ್ಲದೆ ಅಳುತ್ತಿದ್ದರೆ ಕೈಕಾಲಿನ ಎಲ್ಲ ಬೆರಳು ಬಿಡಿಸಿ ನೋಡಬೇಕು, ಬೆರಳು ಊದಿದ್ದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಲಿಯುವವರ ಪಾಲಿನ ಕೆಲಸ ಅದಕ್ಕೂ ಮೊದಲಿನದು. ಕೊಡುವ ಮುನ್ನ ಕಾಲುಚೀಲವನ್ನು ಒಳಹೊರಗು ತಿರುವಿ, ಹೊಲಿಗೆಯ ಉದ್ದಕ್ಕೂ ಕಿರುಬೆರಳು ಹಾಯಿಸಿ. ಬೆರಳಿಗೆ ಸಿಕ್ಕಿದ್ದನ್ನೆಲ್ಲ ಬುಡದ ಗಂಟಿನ ತನಕ ಕತ್ತರಿಸಿ, ಮತ್ತೊಮ್ಮೆ ಹಾಯಿಸಿ ನೋಡಿ, ಆಮೇಲೆ ಮಡಚಿ.